ಹಲ್ಲಿನ ಮೇಸ್ತ್ರಿ ಬೇಕರಿಗೆ ಹೋದದ್ದು

ಊರಿನಲ್ಲಿ ವಯಸ್ಸಾದವರು ಯಾರಾದರೂ ಬಾಯ್ತುಂಬ ನಕ್ಕರೆ, ಆ ನಗುವಿನಲ್ಲಿ ತನ್ನ ಕೈಕೆಲಸ ಎಷ್ಟಿದೆ ಎಂದು ರಸ್ತೆಯ ಆಚೆಬದಿಯಿಂದಲೇ ಹೇಳಬಲ್ಲವನೊಬ್ಬನಿದ್ದ. ಎಲ್ಲರೂ ಅವನನ್ನು ಹಲ್ಲಿನ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವನ ಸ್ವಂತ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ.

ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ ಉದ್ದನೆಯ ಒಂದು ಕೋಣೆ. ಕಿಟಕಿಗೆ ಒತ್ತಿಕೊಂಡು ಒಂದು ಮೇಜು, ಮೇಜಿನ ಮೇಲೆ ಸಣ್ಣ ಬೆಂಕಿಯ ದೀಪ, ಮೇಣ ಕೆತ್ತುವ ಚಾಕುಗಳು, ಮೂಲೆಯಲ್ಲಿ ಗಿರ್ರನೆ ತಿರುಗುವ ಪಾಲಿಶ್ ಯಂತ್ರ. ಅಲ್ಲಿ ಕೂತು ಹಲ್ಲಿನ ಸೆಟ್ ಕಟ್ಟುವುದು ಅವನ ಕಸುಬು. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ, ಅವನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆಯ ಅಚ್ಚು ತೆಗೆಯುವನು. ಅಚ್ಚಿನ ಮೇಲೆ ಗುಲಾಬಿ ಮೇಣದಿಂದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ನೆಡುವನು. ಗೋಡೆಯ ಕಪಾಟಿನಲ್ಲಿ ಸಾಲುಸಾಲಾಗಿ ಊರವರ ದವಡೆಗಳು ಕೂತಿದ್ದವು. ಹೊಸಬರು ಒಳಗೆ ಬಂದರೆ ಬೆಚ್ಚುತ್ತಿದ್ದರು. ಅವನಿಗೆ ಅವು ಪರಿಚಯದವರ ಫೋಟೋಗಳಿದ್ದ ಹಾಗೆ. ಇವರು ಅಂಚೆಯವರು, ಇವರು ಗಡಿಯಾರ ರಿಪೇರಿಯವರು, ಇವರು ಬಾಯಿ ಮುಚ್ಚಲು ಒಪ್ಪದ ವಕೀಲರು ಎಂದು ತೋರಿಸುತ್ತಿದ್ದ.

ಇಷ್ಟು ಜನಕ್ಕೆ ಹಲ್ಲು ಕಟ್ಟಿದವನ ಬಾಯಲ್ಲಿ ಅವನ ಸ್ವಂತ ಹಲ್ಲುಗಳೇ ಇದ್ದವು, ಒಂದೂ ಕದಲಿರಲಿಲ್ಲ. ಅದು ಅವನ ಜಂಬ. ನೆಂಟರ ಮನೆಯಲ್ಲಿ ಯಾರಾದರೂ ಬಾದಾಮಿ ಒಡೆಯಲು ಕಲ್ಲು ಹುಡುಕುತ್ತಿದ್ದರೆ, ಇತ್ತ ಕೊಡಿ ಎಂದು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಒಡೆದುಕೊಡುತ್ತಿದ್ದ. ಎಂಜಲಾಯಿತಲ್ಲ ಎಂದು ಹೆಂಡತಿ ಮುಖ ಸಿಂಡರಿಸಿದರೆ, ಹಲ್ಲು ನೋಡು, ಎಂಜಲು ಯಾಕೆ ನೋಡ್ತೀಯ ಎನ್ನುತ್ತಿದ್ದ.

ಹೆಂಡತಿಯೂ ಸಾಮಾನ್ಯಳಲ್ಲ. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವಳು ಅವಳು. ಆಮೇಲೆ ಆ ಕೆಲಸವನ್ನು ಯಂತ್ರಕ್ಕೆ ಕೊಟ್ಟು ಅವಳನ್ನು ಬೇಗನೆ ನಿವೃತ್ತಿ ಮಾಡಿದರು. ಮೈಕು ಹೋಯಿತು, ಗಂಟಲು ಉಳಿಯಿತು. ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಅವಳು ಹೇಳಿದರೆ ಪಕ್ಕದ ಮನೆಯವರೂ ಒಮ್ಮೆ ತಮ್ಮ ಡಬ್ಬಿ ತೆಗೆದು ನೋಡಿಕೊಳ್ಳುತ್ತಿದ್ದರು. ಬೀಗ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ಮಗಳು ಮದುವೆಯಾಗಿ ಅದೇ ಊರಿನ ಇನ್ನೊಂದು ಕೊನೆಯಲ್ಲಿದ್ದಳು. ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ರಜೆ. ಅವತ್ತು ಇಬ್ಬರೂ ಹೊರಗೆ ಹೋಗಿ ಏನಾದರೂ ಹೊಸದನ್ನು ತಿಂದು ಬರುವುದು ಮದುವೆಯಾದಂದಿನಿಂದ ನಡೆದು ಬಂದ ಪದ್ಧತಿ.

ಆ ಪದ್ಧತಿಗೆ ಕಲ್ಲು ಬಿದ್ದದ್ದು ಮೇಸ್ತ್ರಿಯ ವಸಡಿಗೆ ರೋಗ ಬಂದಾಗ. ಹಲ್ಲುಗಳು ಗಟ್ಟಿಯಾಗಿಯೇ ಇದ್ದವು, ನೆಲ ಸಡಿಲವಾಯಿತು. ಮೊದಲು ಹಿಂದಿನವು, ಆಮೇಲೆ ಪಕ್ಕದವು, ಕೊನೆಗೆ ಮುಂದಿನವು. ದೊಡ್ಡ ಡಾಕ್ಟರು ತೀರಿಕೊಂಡ ಮೇಲೆ ಕ್ಲಿನಿಕ್ಕು ನಡೆಸುತ್ತಿದ್ದ ಅವರ ಮಗಳು ಡಾಕ್ಟರಮ್ಮ, ಮೇಸ್ತ್ರಿಯ ಮುಂದೆ ಬೆಳೆದ ಹುಡುಗಿ. ಅವರೇ ಒಂದೊಂದಾಗಿ ಕಿತ್ತರು, ಕಿತ್ತು ಮುಗಿದ ಮೇಲೆ, ಸೆಟ್ಟನ್ನು ಬೇರೆ ಊರಿನ ಒಬ್ಬರ ಹತ್ತಿರ ಮಾಡಿಸೋಣ, ತಮ್ಮ ಬಾಯಿಗೆ ತಾವೇ ಮಾಡಿಕೊಳ್ಳುವುದು ಕಷ್ಟ ಎಂದು ಮೆಲ್ಲಗೆ ಹೇಳಿ ನೋಡಿದರು. ಮೇಸ್ತ್ರಿ ಒಪ್ಪಲಿಲ್ಲ. ಊರಿಗೆಲ್ಲ ಹಲ್ಲು ಕಟ್ಟಿದವನು ತನ್ನದಕ್ಕೆ ಬೇರೆಯವರ ಬಾಗಿಲು ತಟ್ಟುವುದೇ?

ಅವನು ಮಾಡಿಕೊಂಡದ್ದು ನೋಡಲು ಬಲು ಚೆಂದದ ಸೆಟ್ಟು. ಮದುವೆಯ ಫೋಟೋ ಎದುರಿಗಿಟ್ಟುಕೊಂಡು ಆಗಿನ ತನ್ನ ಮುಂದಿನ ಹಲ್ಲುಗಳನ್ನೇ ಮತ್ತೆ ಕೂರಿಸಿದ್ದ. ಆ ವಯಸ್ಸಿನಲ್ಲಿ ಅವು ಸ್ವಲ್ಪ ಮುಂದಕ್ಕೆ ಇದ್ದವು, ತುಟಿ ತುಂಬಿಕೊಂಡು ಕಾಣುತ್ತಿತ್ತು. ಡಾಕ್ಟರಮ್ಮ ನೋಡಿ, ಮುಂದಿನ ಸಾಲು ಒಂದಿಷ್ಟು ಹಿಂದೆ ಇದ್ದರೆ ಒಳ್ಳೆಯದಿತ್ತೇನೋ ಎಂದರು. ಮೇಸ್ತ್ರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಹತ್ತಾರು ವರ್ಷ ಕಳಚಿ ಬಿದ್ದ ಹಾಗಿತ್ತು. ಹೆಂಡತಿಯೂ, ಪರವಾಗಿಲ್ಲ, ಮದುಮಗನ ಹಾಗೇ ಇದೀರಿ ಎಂದು ಒಪ್ಪಿಗೆ ಕೊಟ್ಟಳು.

ಫಜೀತಿ ಶುರುವಾದದ್ದು ಊಟಕ್ಕೆ ಕೂತಾಗ. ಮುಂದಿನ ಹಲ್ಲಿನಿಂದ ಏನು ಕಚ್ಚಿದರೂ ಮೇಲಿನ ಸೆಟ್ಟಿನ ಹಿಂಭಾಗ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತಿತ್ತು. ಮಾತಾಡುವಾಗ ಟಕಟಕ ಸದ್ದು. ಮಗಳ ಮನೆಗೆ ಊಟಕ್ಕೆ ಹೋದಾಗ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಬಹಳ ಹೊತ್ತು ಅವನ ಬಾಯನ್ನೇ ನೋಡಿ, "ತಾತ, ನಿನ್ನ ಬಾಯಲ್ಲಿ ಕುದುರೆ ಓಡ್ತಿದೆ" ಎಂದಳು. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಮನೆಗೆ ಬಂದವನು ಅಂದಿನಿಂದ ಯಾರ ಮುಂದೆಯೂ ಉಣ್ಣುವುದನ್ನು ಬಿಟ್ಟ.

ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಸೆಟ್ ತೆಗೆದು ಲೋಟದಲ್ಲಿ ಹಾಕಿ, ಗಂಜಿಯನ್ನೋ ಹಿಸುಕಿದ ಆಲೂಗಡ್ಡೆಯನ್ನೋ ಬಾಯಿಗೆ ಸುರಿದುಕೊಂಡು ಏಳುತ್ತಿದ್ದ. ಹೊರಗೆ ಹೊರಡುವಾಗ ಮಾತ್ರ ಹಲ್ಲು. ರಜೆಯ ದಿನ ಬಂದರೆ ತಲೆನೋವು, ಸುಸ್ತು, ಚಪ್ಪಲಿ ಕಚ್ಚುತ್ತದೆ ಎಂದು ಏನಾದರೊಂದು ನೆವ. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಇವನಿಗೆ ಕಡಲೆಯೂ ಇತ್ತು, ಕಪಾಟಿನ ತುಂಬ ಹಲ್ಲೂ ಇತ್ತು, ತಿನ್ನುವ ಯೋಗ ಮಾತ್ರ ಇರಲಿಲ್ಲ. ಹೆಂಡತಿ ಕೆಲವು ತಿಂಗಳು ತಾಳಿದಳು. ಅವಳ ತಾಳ್ಮೆಗೆ ವೇಳಾಪಟ್ಟಿ ಇರುತ್ತಿತ್ತು, ಅದು ಮುಗಿಯಿತು.

ಆ ಹೊತ್ತಿಗೆ ಹಳೆಯ ಕೊಡೆ ಅಂಗಡಿ ಇದ್ದ ಜಾಗದಲ್ಲಿ ಒಂದು ಜಪಾನಿ ಬೇಕರಿ ತೆರೆದಿತ್ತು. ತೆರೆದವಳು ಪರದೇಶದವಳಲ್ಲ, ಇದೇ ಊರಿನ ಹೆಣ್ಣುಮಗಳು. ಯಾವುದೋ ಕಂಪನಿಯ ಕೆಲಸಕ್ಕೆಂದು ಜಪಾನಿಗೆ ಹೋದವಳು, ಅಲ್ಲಿ ಬಾಡಿಗೆಗೆ ಇದ್ದ ಮನೆಯ ಕೆಳಗಿನ ಬೇಕರಿಯ ವಾಸನೆಗೆ ಸೋತು, ಕಂಪನಿ ಬಿಟ್ಟು ಅಲ್ಲಿಯೇ ಹಿಟ್ಟು ನಾದಲು ಕಲಿತು ಬಂದಿದ್ದಳು. ಈಗ ಒಲೆಯ ಹತ್ತಿರ ಅವಳು, ಗಲ್ಲಾದಲ್ಲಿ ಅವಳ ಅತ್ತಿಗೆ.

"ನೀವು ಬರದಿದ್ರೆ ಬಿಡಿ, ನಾನು ಒಬ್ಬಳೇ ಹೋಗ್ತೀನಿ" ಎಂದು ಹೆಂಡತಿ ಒಂದು ರಜೆಯ ದಿನ ಹೊರಟೇಬಿಟ್ಟಳು.

ಸಂಜೆ ಬಂದವಳು ಬರಿಗೈಯಲ್ಲಿ ಬಂದಳು. ತಂದರೆ ಈ ಮನುಷ್ಯ ಗೋಡೆ ನೋಡಿಕೊಂಡು ಒಬ್ಬನೇ ತಿಂದು ಮುಗಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅದರ ಬದಲು ಕುರ್ಚಿಯಲ್ಲಿ ಕೂತು, ನಿಲ್ದಾಣದ ಅದೇ ದನಿಯಲ್ಲಿ, ಒಂದೊಂದು ಬ್ರೆಡ್ಡನ್ನೂ ಒಂದೊಂದು ಗಾಡಿಯ ಹಾಗೆ ಮನೆಯೊಳಗೆ ಬಿಟ್ಟಳು. ಹಾಲು ಹಾಕಿ ಮಾಡಿದ ಬ್ರೆಡ್ಡಂತೆ, ಹೆಬ್ಬೆರಳಿನಷ್ಟು ದಪ್ಪದ ಹೋಳು, ಒತ್ತಿದರೆ ಕುಗ್ಗಿ ಮತ್ತೆ ಮೇಲಕ್ಕೆ ಬರುತ್ತದಂತೆ. ಮೊಟ್ಟೆಯ ಸ್ಯಾಂಡ್‌ವಿಚ್ಚಂತೆ, ಅಂಚು ಕತ್ತರಿಸಿ ತೆಗೆದಿರುತ್ತಾರಂತೆ, ಒಳಗೆ ಮೊಟ್ಟೆ ಬೆಣ್ಣೆಯ ಹಾಗೆ ಇರುತ್ತದಂತೆ. ಕರಬೂಜದ ಬ್ರೆಡ್ಡು ಅಂತ ಒಂದಂತೆ, ಅದರಲ್ಲಿ ಕರಬೂಜ ಹುಡುಕಿದರೂ ಸಿಗುವುದಿಲ್ಲವಂತೆ, ಮೇಲಿನ ಬಿಸ್ಕತ್ತಿನ ಹೊದಿಕೆಯ ಗೆರೆ ನೋಡಿ ಆ ಹೆಸರಿಟ್ಟಿದ್ದಾರಂತೆ. ಮೇಸ್ತ್ರಿ ದಿನಪತ್ರಿಕೆ ಹಿಡಿದುಕೊಂಡು ಕೇಳದವನ ಹಾಗೆ ಕೂತಿದ್ದ. ಪತ್ರಿಕೆ ತಲೆಕೆಳಗಾಗಿತ್ತು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅವನು ಅದನ್ನು ಒಪ್ಪುವುದಿಲ್ಲ. ಆದರೆ ಎರಡು ದಿನ ಬಿಟ್ಟು, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಅಲ್ಲಿ ಜನ ಇರುತ್ತಾರೆಯೇ ಎಂದು ತಾನಾಗಿಯೇ ಕೇಳಿದ್ದನ್ನು ಒಪ್ಪುತ್ತಾನೆ.

ಅಂತೂ ಅವರು ಹೋದರು.

ಗಾಜಿನ ಬಾಗಿಲು ತಳ್ಳಿದ ಕೂಡಲೇ ಬೆಣ್ಣೆ, ಬೆಂದ ಹಿಟ್ಟು, ಕಂದಿದ ಸಕ್ಕರೆ ಎಲ್ಲ ಸೇರಿದ ಬೆಚ್ಚನೆಯ ವಾಸನೆ ಮುಖಕ್ಕೆ ಬಂತು. ಮೇಸ್ತ್ರಿ ಹೊಸ್ತಿಲಲ್ಲೇ ನಿಂತ. ಹಲ್ಲಿಲ್ಲದ ತಿಂಗಳುಗಳಲ್ಲಿ ಮೂಗಿಗೂ ಕೆಲಸವಿರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಗೋಡೆಯುದ್ದಕ್ಕೂ ಮರದ ಹಲಗೆಗಳು, ಹಲಗೆಗಳ ಮೇಲೆ ಬಿದಿರಿನ ತಟ್ಟೆಗಳು, ತಟ್ಟೆಗಳಲ್ಲಿ ಬ್ರೆಡ್ಡುಗಳು, ಒಂದರ ಮೇಲೊಂದು ಒತ್ತದ ಹಾಗೆ, ಮಲಗಿಸಿದ ಕೂಸುಗಳ ಹಾಗೆ. ಬಾಗಿಲ ಪಕ್ಕದಲ್ಲಿ ಟ್ರೇಗಳ ರಾಶಿ, ಇಕ್ಕಳಗಳ ಗೊಂಚಲು. ಬೇಕಾದದ್ದನ್ನು ತಾವೇ ಇಕ್ಕಳದಿಂದ ಎತ್ತಿ ಟ್ರೇಯಲ್ಲಿ ಇಟ್ಟುಕೊಳ್ಳಬೇಕು ಎಂದು ಗಲ್ಲಾದ ಅತ್ತಿಗೆ ಹೇಳಿಕೊಟ್ಟಳು.

"ಜೀವಮಾನವೆಲ್ಲ ಟ್ರೇ, ಇಕ್ಕಳ ಹಿಡ್ಕೊಂಡೇ ಕಳೆದೆ" ಎಂದ ಮೇಸ್ತ್ರಿ. "ತಿನ್ನೋದಕ್ಕೆ ಅಂತ ಹಿಡಿದದ್ದು ಇದೇ ಮೊದಲು."

ಹೆಂಡತಿ ಟ್ರೇ ಹಿಡಿದಳು, ಅವನು ಇಕ್ಕಳ ಹಿಡಿದ. ಆ ಕೈಯ ಹಿಡಿತವೇ ಬೇರೆ. ಪುಡಿ ಉದುರುವ ಹೊದಿಕೆಯ ಕರಬೂಜದ ಬ್ರೆಡ್ಡನ್ನು ಒಂದು ಚೂರೂ ಬಿರುಕು ಬಿಡದ ಹಾಗೆ ಎತ್ತಿ ಇಟ್ಟ. ಮೊಟ್ಟೆಯ ಸ್ಯಾಂಡ್‌ವಿಚ್ಚು, ಸ್ಟ್ರಾಬೆರಿ ಹಣ್ಣು ಮತ್ತು ಕೆನೆ ತುಂಬಿದ ಇನ್ನೊಂದು ಸ್ಯಾಂಡ್‌ವಿಚ್ಚು, ಬೇಯಿಸಿ ಅರೆದ ಕೆಂಪು ಕಾಳಿನ ಸಿಹಿ ಹೂರಣವಿದ್ದ ದುಂಡು ಬನ್ನು, ಹಾಲಿನ ಬ್ರೆಡ್ಡಿನ ಎರಡು ಹೋಳು. ನೂಡಲ್ಸು ತುಂಬಿದ ಉದ್ದ ಬನ್ನಿನ ಮುಂದೆ ಅವನು ಸ್ವಲ್ಪ ಹೊತ್ತು ನಿಂತು, ಹಿಟ್ಟಿನೊಳಗೆ ಹಿಟ್ಟು ತುಂಬುವ ಧೈರ್ಯ ಯಾರಿಗೆ ಬಂತಪ್ಪ ಎಂದುಕೊಂಡು ಮುಂದೆ ಹೋದ. ಕೊನೆಗೆ ಉಂಗುರದ ಆಕಾರದ, ಮೇಲೆ ಸಕ್ಕರೆ ಮಿನುಗುವ ಒಂದು ಬ್ರೆಡ್ಡು ಕಂಡಿತು. ಅಂಟು ಅಕ್ಕಿಯ ಹಿಟ್ಟು ಬೆರೆಸಿ ಮಾಡಿದ್ದು, ಜಗಿದಷ್ಟೂ ಎಳೆಯುತ್ತದೆ ಎಂದು ಅತ್ತಿಗೆ ಹೇಳುತ್ತಿದ್ದಳು. ಅವನ ಇಕ್ಕಳ ಅಷ್ಟರಲ್ಲೇ ಅದನ್ನು ಎತ್ತಿತ್ತು.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತರು. ಅಂಗಡಿಯಲ್ಲಿ ಇದ್ದದ್ದು ಇನ್ನೊಬ್ಬರೇ, ಆಚೆ ಮೇಜಿನಲ್ಲಿ ಬೆನ್ನು ಮಾಡಿ ಕೂತ ವೃದ್ಧರು. ಮೇಸ್ತ್ರಿ ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಕೈಗೆ ತೆಗೆದುಕೊಂಡ. ಅದಕ್ಕೆ ತೂಕವೇ ಇಲ್ಲ. ಮುಂದಿನ ಹಲ್ಲನ್ನು ನಂಬದೆ ತುಟಿಯಿಂದಲೇ ಒಂದು ಮೂಲೆಯನ್ನು ಒತ್ತಿ ತೆಗೆದ. ಬ್ರೆಡ್ಡು ನಾಲಿಗೆಯ ಮೇಲೆ ಕೂತು, ಸ್ವಲ್ಪ ಹೊತ್ತು ಯೋಚಿಸಿ, ಕರಗಿತು. ಅದರ ಹಿಂದೆಯೇ ಮೊಟ್ಟೆ, ನುಣ್ಣಗೆ, ಚೂರು ಉಪ್ಪು, ಚೂರು ಸಿಹಿ, ಎಲ್ಲೋ ಸಾಸಿವೆಯ ಒಂದು ಚುರುಕು. ಅವನು ಕಣ್ಣು ಮುಚ್ಚಿದ. ಹೆಂಡತಿ ತನ್ನ ಪಾಲಿನ ತುಂಡನ್ನೂ ಅವನ ಕಡೆಗೆ ಸರಿಸಿದಳು. ಅದನ್ನೂ ತಿಂದ. ಹಾಲಿನ ಬ್ರೆಡ್ಡಿನ ಹೋಳನ್ನು ಕೈಯಲ್ಲೇ ಬಿಡಿಸಿದರೆ ಹತ್ತಿಯ ಎಳೆಗಳ ಹಾಗೆ ಉದ್ದುದ್ದಕ್ಕೆ ಬಿಟ್ಟುಕೊಂಡು ಬಂತು. ಅದಕ್ಕೆ ಏನೂ ಹಚ್ಚುವುದು ಬೇಕಿರಲಿಲ್ಲ.

ತಿಂಗಳುಗಟ್ಟಲೆ ಗಂಜಿ ಕುಡಿದವನಿಗೆ ಇಷ್ಟಾದರೆ ಧೈರ್ಯ ಬಾರದೇ ಇರುತ್ತದೆಯೇ? ಮಾತು ಬಂತು, ನಗು ಬಂತು. ಅದೇ ಹುಮ್ಮಸ್ಸಿನಲ್ಲಿ ಆ ಉಂಗುರದ ಬ್ರೆಡ್ಡನ್ನು ಎತ್ತಿ, ಹಿಂದೆ ಬಾದಾಮಿಗೆ ಬಾಯಿ ಹಾಕುತ್ತಿದ್ದ ಹಾಗೆಯೇ, ಮುಂದಿನ ಹಲ್ಲಿನಿಂದ ಕಚ್ಚಿ ಎಳೆದ.

ಬ್ರೆಡ್ಡು ಹರಿಯಲಿಲ್ಲ, ಉದ್ದವಾಯಿತು. ಅವನು ಇನ್ನೂ ಎಳೆದ, ಅದು ಇನ್ನೂ ಉದ್ದವಾಯಿತು. ಆಮೇಲೆ ಒಳಗೆ ಏನೋ ಬಿಟ್ಟುಕೊಂಡ ಹಾಗಾಗಿ, ಮೇಲಿನ ಸೆಟ್ಟು ಪೂರ್ತಿಯಾಗಿ ಬ್ರೆಡ್ಡಿನ ಜೊತೆಗೇ ಹೊರಗೆ ಬಂತು. ಮದುಮಗನ ಹಲ್ಲುಗಳು ಉಂಗುರವನ್ನು ಕಚ್ಚಿಕೊಂಡು ಅವನ ಕೈಯಲ್ಲಿ ಕೂತಿದ್ದವು.

"ರೀ, ಹಲ್ಲು" ಎಂದಳು ಹೆಂಡತಿ. ಪಿಸುಗುಟ್ಟಿದೆ ಎಂದೇ ಅವಳು ತಿಳಿದಿದ್ದಳು. ಆ ಗಂಟಲಿಗೆ ಪಿಸುಮಾತು ಬರುವುದಿಲ್ಲ. ಒಲೆಯ ಹತ್ತಿರದ ಯಜಮಾನಿ ಕತ್ತು ಹೊರಗೆ ಹಾಕಿದಳು, ಗಲ್ಲಾದ ಅತ್ತಿಗೆ ಎದ್ದು ನಿಂತಳು, ಬೆನ್ನು ಮಾಡಿ ಕೂತಿದ್ದ ವೃದ್ಧರು ತಿರುಗಿದರು. ನೆಲ ಬಾಯಿ ಬಿಟ್ಟರೆ ಸಾಕೆಂದು ಮೇಸ್ತ್ರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ತಿರುಗಿದವರು ಪಿಟೀಲು ಮೇಷ್ಟ್ರು. ಊರಿನ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದವರು, ಮೇಸ್ತ್ರಿಯ ಕೈಯಲ್ಲೇ ಹಲ್ಲು ಕಟ್ಟಿಸಿಕೊಂಡವರು. ಅವರು ನಿಧಾನವಾಗಿ ಎದ್ದು ಬಂದು, ಕಾಗದದ ಕರವಸ್ತ್ರವನ್ನು ಮೇಸ್ತ್ರಿಯ ಮುಂದೆ ಇಟ್ಟು, ಎದುರಿನ ಬೆಂಚಿನಲ್ಲಿ ಕೂತರು.

"ನಾಚ್ಕೋಬೇಡಿ ಮೇಸ್ತ್ರಿಗಳೇ" ಎಂದರು. "ನನ್ನದು ಜೇಬಲ್ಲಿದೆ."

ಕೋಟಿನ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಅಲ್ಲಾಡಿಸಿ ತೋರಿಸಿದರು. ಒಳಗೆ ಲೊಟಲೊಟ ಸದ್ದಾಯಿತು.

ಮೇಸ್ತ್ರಿ ಮುಖ ತಿರುಗಿಸಿ ಸೆಟ್ಟನ್ನು ಒರೆಸಿ ಬಾಯಿಗೆ ಹಾಕಿಕೊಂಡು, ಅಂಗಡಿಯಲ್ಲಿ ತಾನಿರುವುದನ್ನೂ ಮರೆತು ಕೇಳಿದ, "ಯಾವಾಗಿಂದ ಹೀಗೆ ಜೇಬಲ್ಲಿ ಇಟ್ಕೊಂಡಿದೀರಿ?"

"ನೀವು ಕೊಟ್ಟಾಗಿಂದ."

"ಬಂದು ನನಗೆ ಹೇಳ್ಬಾರದಿತ್ತಾ?"

"ಹೇಳಿದ್ದೆನಲ್ಲ, ಎರಡು ಸಲ ಬಂದಿದ್ದೆ. ಅಭ್ಯಾಸ ಆಗತ್ತೆ ಅಂದ್ರಿ. ಆಯ್ತು. ಜೇಬಿಗೆ ಅಭ್ಯಾಸ ಆಯ್ತು."

ಅದರಲ್ಲಿ ಕಹಿ ಇರಲಿಲ್ಲ. ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿದರು. ಮೊದಲು ನಕ್ಕವಳು ಹೆಂಡತಿ. ತಡೆದುಕೊಳ್ಳಲು ನೋಡಿ, ಆಗದೆ, ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. ಪಿಟೀಲು ಮೇಷ್ಟ್ರು ಬೋಳುಬಾಯಲ್ಲಿ ನಕ್ಕರು. ಮೇಸ್ತ್ರಿ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಎಷ್ಟು ಮಂದಿಗೆ ಅಭ್ಯಾಸ ಆಗತ್ತೆ ಎಂದು ಹೇಳಿ ಕಳಿಸಿದ್ದೇನೆ ಎಂದು ಒಳಗೆ ಚುರುಕ್ಕೆಂದಿತು, ಆದರೂ ಅವನಿಗೂ ನಗು ತಡೆಯಲಾಗಲಿಲ್ಲ. ನಕ್ಕಾಗ ಸೆಟ್ಟು ಮತ್ತೆ ಜಾರಿತು. ಅದನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು ನಕ್ಕ. ಉಳಿದ ಹಣ್ಣಿನ ಸ್ಯಾಂಡ್‌ವಿಚ್ಚನ್ನು ಮೂವರೂ ಹಂಚಿಕೊಂಡು ತಿಂದರು. ಬೇಕರಿಯ ಯಜಮಾನಿ ಉಂಗುರದ ಬ್ರೆಡ್ಡನ್ನು ಕತ್ತರಿಯಿಂದ ಸಣ್ಣಸಣ್ಣ ತುಂಡು ಮಾಡಿ ತಂದುಕೊಟ್ಟು, ಏನೂ ನೋಡದವಳ ಹಾಗೆ ಒಳಗೆ ಹೋದಳು.

ಮಾರನೆಯ ದಿನ ಮೇಸ್ತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ತನ್ನ ಸೆಟ್ಟನ್ನು ಅಚ್ಚಿನ ಮೇಲೆ ಕೂರಿಸಿ, ಬೇರೆ ಯಾರದೋ ಎಂದುಕೊಂಡು ನೋಡಿದ. ತಪ್ಪು ಎದ್ದು ಕಂಡಿತು. ಮುಂದಿನ ಹಲ್ಲುಗಳು ದವಡೆಯ ದಂಡೆಯನ್ನು ದಾಟಿ ಮುಂದೆ ನಿಂತಿದ್ದವು. ಹಲಗೆಯ ಒಂದು ಕೊನೆಯಲ್ಲಿ ಕೂತವನ ಭಾರಕ್ಕೆ ಇನ್ನೊಂದು ಕೊನೆ ಏಳುವ ಹಾಗೆ, ಕಚ್ಚಿದಾಗೆಲ್ಲ ಹಿಂಭಾಗ ಏಳಲೇಬೇಕು. ಅವನು ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋಗಿ, ಹೊಸದಾಗಿ ಅಳತೆ ತೆಗೆಯಬೇಕು, ಹಲ್ಲು ಎಲ್ಲಿ ಕೂರಬೇಕು ಅನ್ನುವುದನ್ನೂ ನೀವೇ ಹೇಳಬೇಕು ಎಂದ. ನಾನು ಆವತ್ತೇ ಹೇಳಿದ್ದೆ ಎನ್ನುವ ಮಾತು ಡಾಕ್ಟರಮ್ಮನ ಬಾಯಿಂದ ಬರಲಿಲ್ಲ. "ಕೂತ್ಕೊಳ್ಳಿ, ಬಾಯಿ ತೆಗೀರಿ" ಎಂದರು, ಅಷ್ಟೆ.

ಆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಮಲಗಿದಾಗ ಚಾವಣಿಯಲ್ಲಿ ಒಂದು ಕಲೆ ಕಂಡಿತು. ಇಷ್ಟು ವರ್ಷ ಅದೇ ಮನೆಯಲ್ಲಿ ಕೆಲಸ ಮಾಡಿ, ಹಲ್ಲು ಕೀಳಿಸಿಕೊಳ್ಳುವಾಗಲೆಲ್ಲ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದವನಿಗೆ ಆ ಕಲೆ ಹೊಸದು.

ಹೊಸ ಸೆಟ್ಟಿನಲ್ಲಿ ಹಲ್ಲುಗಳು ಹಿಂದೆ ಸರಿದವು, ತುಟಿ ಸ್ವಲ್ಪ ಒಳಗೆ ಹೋಯಿತು, ವಯಸ್ಸು ಇದ್ದ ಜಾಗಕ್ಕೇ ವಾಪಸು ಬಂತು. ಮದುಮಗ ಎಲ್ಲಿ ಹೋದ ಎಂದು ಹೆಂಡತಿ ಕೇಳಿದಳು. ಹೋದವನು ಉಪವಾಸ ಇದ್ದ, ಬಂದವನು ಉಣ್ಣುತ್ತಾನೆ ಎಂದ ಮೇಸ್ತ್ರಿ. ಆದರೆ ಒಂದೇ ಏಟಿಗೆ ಎಲ್ಲ ಸರಿಹೋಗಲಿಲ್ಲ. ಅವನು ಬೆಳಿಗ್ಗೆ ಬೇಕರಿಗೆ ಹೋಗಿ ಒಂದು ಬ್ರೆಡ್ಡು ತಂದು, ತನ್ನ ಮೇಜಿನಲ್ಲಿ ಕೂತು ತಿನ್ನುವನು. ಎಲ್ಲಿ ಒತ್ತಿತು, ಎಲ್ಲಿ ಜಾರಿತು ಎಂದು ನೋಡಿಕೊಂಡು, ಸೆಟ್ಟನ್ನು ತೆಗೆದು ಅರದಿಂದ ಒಂದಿಷ್ಟು ತೀಡುವನು, ಮತ್ತೆ ಹಾಕಿ ಮತ್ತೆ ತಿನ್ನುವನು. ಹಾಲಿನ ಬ್ರೆಡ್ಡು ಸುಲಭಕ್ಕೆ ಒಲಿಯಿತು. ಕೆಂಪು ಕಾಳಿನ ಬನ್ನು ಮೆತ್ತಗಿದ್ದರೂ, ಮೇಲೆ ಉದುರಿಸಿದ್ದ ಗಸಗಸೆ ಸೆಟ್ಟಿನ ಅಡಿಗೆ ಹೋಗಿ ಜಲ್ಲಿಕಲ್ಲಿನ ಹಾಗೆ ಚುಚ್ಚಿತು. ಅಂಚು ಸರಿಯಾಗಿ ಕೂತಿಲ್ಲ ಎಂದು ಗಸಗಸೆಯೇ ಹೇಳಿಕೊಟ್ಟಿತು. ಕರಬೂಜದ ಬ್ರೆಡ್ಡಿನ ಬಿಸ್ಕತ್ತು ಹೊದಿಕೆಗೆ ಪಕ್ಕದ ಹಲ್ಲಿನ ಕೆಲಸ ಬೇಕು. ಒಳಗೆ ಖಾರದ ಪಲ್ಯ ತುಂಬಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದ ಬನ್ನು ಕಬ್ಬಿಣದ ಕಡಲೆಯಾಗಿ ಬಹಳ ದಿನ ಕಾಡಿತು. ಅದರ ಗರಿಗರಿ ಚೂರು ವಸಡಿಗೆ ಚುಚ್ಚದೆ ಮುರಿಯುವ ದಿನ ಬಂದಾಗ ಮೇಸ್ತ್ರಿ ಕೋಣೆಯಿಂದ ಹೊರಗೆ ಬಂದು, ಕಾಯುತ್ತಿದ್ದ ರೋಗಿಗಳ ಮುಂದೆಯೇ ಉಳಿದರ್ಧವನ್ನು ಕರುಂ ಕರುಂ ಎಂದು ತಿಂದ. ಡಾಕ್ಟರಮ್ಮ ಒಳಗಿನಿಂದ ಸದ್ದು ಕೇಳಿ ಏನಾಯಿತೆಂದು ವಿಚಾರಿಸಿದರಂತೆ.

ಆಮೇಲೆ ಅವನು ಕಪಾಟಿನ ದವಡೆಗಳ ಮುಂದೆ ನಿಂತ. ಮೊದಲು ಹೇಳಿಕಳಿಸಿದ್ದು ಪಿಟೀಲು ಮೇಷ್ಟ್ರಿಗೆ. ಅವರು ಬಂದು, ಈ ವಯಸ್ಸಿನಲ್ಲಿ ಇನ್ನೇಕೆ, ಜೇಬೂ ನಾನೂ ಹೊಂದಿಕೊಂಡಿದ್ದೇವೆ ಎಂದು ಸಂಕೋಚಪಟ್ಟರು. ಮೇಸ್ತ್ರಿ ಅವರನ್ನು ಕೂರಿಸಿ, ಎಲ್ಲಿ ನೋಯುತ್ತದೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿಸಿಕೊಂಡ. ಅದು ಅವನಿಗೆ ಹೊಸ ಕೆಲಸ. ಅವರ ಕೆಳಗಿನ ಸೆಟ್ಟನ್ನು ಪೂರ್ತಿ ಬದಲಾಯಿಸಬೇಕಾಯಿತು. ಒಂದು ಬೆಳಿಗ್ಗೆ ಇಬ್ಬರೂ ಬೇಕರಿಯ ಬೆಂಚಿನಲ್ಲಿ ಕೂತು ಕರಿದ ಬನ್ನನ್ನು ಅರ್ಧರ್ಧ ಮಾಡಿ ತಿಂದರು. ಮೇಷ್ಟ್ರು ಕೊನೆಯ ತುತ್ತು ನುಂಗಿ, ಆ ಪುಟ್ಟ ಡಬ್ಬಿಯಲ್ಲಿ ಇನ್ನು ಪಿಟೀಲಿನ ತಂತಿಗಳನ್ನು ಇಟ್ಟುಕೊಳ್ಳುತ್ತೇನೆ ಎಂದರು.

ಅವರಾದ ಮೇಲೆ ಅಂಚೆಯವರು, ಗಡಿಯಾರದವರು, ಬಾಯಿ ಮುಚ್ಚದ ವಕೀಲರು ಒಬ್ಬೊಬ್ಬರಾಗಿ ಬಂದರು. ಹಲ್ಲು ಸರಿಮಾಡಿದ ಮೇಲೆ ಮೇಸ್ತ್ರಿ ಅವರಿಗೆ ಕೊಡುತ್ತಿದ್ದ ಪಥ್ಯ ಒಂದೇ. ಮೊದಲು ಹಾಲಿನ ಬ್ರೆಡ್ಡು, ಅದು ಸಲೀಸಾದರೆ ಕರಬೂಜದ್ದು, ಅದೂ ಆದರೆ ಕರಿದ ಬನ್ನು. ಉಂಗುರದ ಬ್ರೆಡ್ಡಿನ ತಂಟೆಗೆ ಯಾರೂ ಹೋಗಕೂಡದು, ಹೋದರೂ ಮುಂದಿನ ಹಲ್ಲಿನಿಂದ ಕಚ್ಚಕೂಡದು. ಬೇಕರಿಯ ಯಜಮಾನಿಗೆ ಕೆಲವು ದಿನ ಏನೂ ಅರ್ಥವಾಗಲಿಲ್ಲ. ಮುದುಕರು ಮುದುಕಿಯರು ಸಾಲಾಗಿ ಬರುತ್ತಾರೆ, ಪರೀಕ್ಷೆ ಬರೆಯುವವರ ಹಾಗೆ ಗಂಭೀರವಾಗಿ ಒಂದೇ ಒಂದು ಹೋಳು ತಿನ್ನುತ್ತಾರೆ, ಒಬ್ಬರಿಗೊಬ್ಬರು ನೀವು ಎಲ್ಲಿವರೆಗೆ ಬಂದಿರಿ ಎಂದು ಕೇಳಿಕೊಳ್ಳುತ್ತಾರೆ. ಕೊನೆಗೆ ಅವಳು ಮೇಸ್ತ್ರಿಯ ಹೆಂಡತಿಯನ್ನೇ ಕೇಳಿದಳು.

"ಅಮ್ಮ, ನನ್ನ ಅಂಗಡೀಲಿ ಏನು ನಡೀತಿದೆ?"

ಹೆಂಡತಿ ವಿವರವಾಗಿ ಹೇಳಿದಳು. ಅಂಗಡಿಯಲ್ಲಿದ್ದವರೆಲ್ಲರಿಗೂ ವಿವರವಾಗಿ ಕೇಳಿಸಿತು. ಯಜಮಾನಿ ಸ್ವಲ್ಪ ಯೋಚಿಸಿ ಮೇಸ್ತ್ರಿಯನ್ನು, ನನ್ನಿಂದ ಏನಾದರೂ ಆಗಬೇಕೇ ಎಂದು ಕೇಳಿದಳು. ಅವನು ಕೈತೊಳೆಯುವ ಜಾಗದಲ್ಲಿ ಒಂದು ಬಾಗಿಲು ಮತ್ತು ಒಂದು ಕನ್ನಡಿ ಇದ್ದರೆ ಸಾಕು ಎಂದ. ಮುಂದಿನ ವಾರ ಎರಡೂ ಬಂದವು. ಜೊತೆಗೆ ಬೆಚ್ಚಗಿನ ನೀರಿನ ನಲ್ಲಿಯೂ ಬಂತು, ಅದನ್ನು ಯಾರೂ ಕೇಳಿರಲಿಲ್ಲ. ಜಪಾನಿನಲ್ಲಿ ತನಗೆ ಕೆಲಸ ಕಲಿಸಿದ ಅಜ್ಜಿಗೂ ಕಟ್ಟಿದ ಹಲ್ಲೇ ಇತ್ತು, ಅವರು ಯಾವಾಗಲೂ ಬೆಚ್ಚಗಿನ ನೀರು ಹುಡುಕುತ್ತಿದ್ದರು ಎಂದು ಯಜಮಾನಿ ಹೇಳಿದಳು.

ರಜೆಯ ದಿನದ ತಿರುಗಾಟ ಮತ್ತೆ ಶುರುವಾಯಿತು. ಮಗಳು, ಮೊಮ್ಮಗಳೂ ಕೆಲವು ಸಲ ಜೊತೆಗೆ ಬರುತ್ತಾರೆ. ಮೊಮ್ಮಗಳು ಕರಬೂಜದ ಬ್ರೆಡ್ಡಿನ ಹೊದಿಕೆಯನ್ನು ಮೊದಲು ಕೆರೆದು ತಿಂದು, ಬೋಳಾದ ಒಳಭಾಗವನ್ನು ತಾತನಿಗೆ ಕೊಡುತ್ತಾಳೆ. ಅವನು ಅದನ್ನು ಸಂತೋಷವಾಗಿ ತಿನ್ನುತ್ತಾನೆ, ಆಮೇಲೆ ತನಗೆ ಅಂತ ಹೊದಿಕೆ ಸಮೇತ ಇನ್ನೊಂದು ತರುತ್ತಾನೆ.

ಹೀಗಾಗಿ ಅವನ ಪ್ಯಾಂಟುಗಳ ಸೊಂಟ ಬಿಗಿಯಾಗತೊಡಗಿದೆ. ಮೊನ್ನೆ ಹೆಂಡತಿ ಅಳತೆಯ ಟೇಪು ಹಿಡಿದು ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಉಸಿರು ಬಿಡಿ, ಕಳ್ಳತನ ಬೇಡ ಎಂದು ಗದರಿಸುತ್ತಿದ್ದುದು ಕೆಳಗಿನ ಬೀಗದ ಅಂಗಡಿಯವರೆಗೂ ಕೇಳಿಸಿತು. ಅವನು ಉಸಿರು ಬಿಟ್ಟ. ಅವಳು ಟೇಪು ನೋಡಿ ತಲೆಯಾಡಿಸಿ, ಹೊಲಿಗೆ ಬಿಚ್ಚಲು ಕೂತಳು. ಪಕ್ಕದಲ್ಲಿ ಕಾಗದದ ಚೀಲದಲ್ಲಿ ಅವತ್ತು ಹೊಸದಾಗಿ ಬಂದಿದ್ದ ಗೆಣಸಿನ ಬನ್ನು ಇತ್ತು. ಅವನು ಅದನ್ನು ಮುರಿದು, ದೊಡ್ಡ ತುಂಡನ್ನು ಅವಳ ಬಾಯಿಗಿಟ್ಟ. ಸೂಜಿ ಹಿಡಿದ ಕೈಗೆ ಬಿಡುವಿಲ್ಲದ್ದರಿಂದ ಅವಳು ಅವನ ಕೈಯಿಂದಲೇ ತಿಂದಳು.